ದೇಹದಾರ್ಢ್ಯ ಸ್ಪರ್ಧೆಯ ಖರ್ಚು ಯಾರ ತಲೆಗೆ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಡೊಂಬಿವಲಿ, ಮೀರಾರೋಡಿನಿಂದೆಲ್ಲ ಲೋಕಲ್ ಹಿಡಿದು ಮಾಟುಂಗಾಕ್ಕೆ ಬಂದಿರುವ ಬಂಧುಗಳೇ,

ಲೆಕ್ಕಪತ್ರ ಬರೆಯುವವನನ್ನು ಕರೆದು ಮೈಕಟ್ಟಿನ ಬಗ್ಗೆ ಮಾತಾಡಿ ಅಂದಿದ್ದೀರಿ. ನನ್ನ ಮೈ ನೋಡಿದರೆ ಈ ವಿಷಯಕ್ಕೂ ನನಗೂ ಸಂಬಂಧವಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಸಂಬಂಧ ಇರುವುದು ವೋಚರುಗಳ ಮೂಲಕ. ಉಪನಗರದ ಒಂದೆರಡು ಸಂಘಟಕರ ಜಮಾಖರ್ಚು ನನ್ನ ಕೈಯಲ್ಲಿ ಹಾದುಹೋಗಿದೆ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: "ಸಭಾಗೃಹ ತುಂಬಿತ್ತು, ಚಪ್ಪಾಳೆ ಬಿತ್ತು, ಆದರೂ ಕೈಯಿಂದ ದುಡ್ಡು ಯಾಕೆ ಹೋಯಿತು?"

ಮೊದಲು ಲೆಕ್ಕವನ್ನೇ ಬಿಚ್ಚಿಡುತ್ತೇನೆ. ಇದು ಯಾರದೇ ಒಂದು ಸ್ಪರ್ಧೆಯದ್ದಲ್ಲ. ಸುಲಭವಾಗಲೆಂದು ದುಂಡು ಅಂಕಿಗಳಲ್ಲಿ ನಾನೇ ಕಟ್ಟಿದ ಅಂದಾಜು. 900 ಆಸನದ ಸಭಾಗೃಹ, ಟಿಕೆಟ್ 300 ರೂಪಾಯಿ. ಒಂದೂ ಪಾಸ್ ಹಂಚದೆ ಪೂರ್ತಿ ಮಾರಿದರೆ 2,70,000. ಈಗ ಬಹುಮಾನ ನೋಡಿ. 55 ಕಿಲೋದಿಂದ ಶುರುವಾಗಿ 90 ಕಿಲೋ ಮೇಲಿನವರ ತನಕ ಒಂಬತ್ತು ತೂಕದ ಗುಂಪು. ಪ್ರತಿ ಗುಂಪಿನಲ್ಲಿ ಐದು ಬಹುಮಾನ: ಹತ್ತು ಸಾವಿರ, ಎಂಟು, ಆರು, ನಾಲ್ಕು, ಎರಡು. ಒಂದು ಗುಂಪಿಗೆ 30,000, ಒಂಬತ್ತಕ್ಕೆ 2,70,000. ಗಲ್ಲಾಪೆಟ್ಟಿಗೆ ಅಲ್ಲಿಗೇ ಖಾಲಿ. ಗುಂಪುಗಳ ವಿಜೇತರಲ್ಲೆಲ್ಲ ಮೇಲಾಗಿ 'ಶ್ರೀ' ಕಿರೀಟ ಗೆದ್ದವನ ಚೆಕ್ ಇನ್ನೂ ಬರೆದಿಲ್ಲ. ಸಭಾಗೃಹದ ಬಾಡಿಗೆ, ದೀಪ, ಧ್ವನಿ, ಎಲ್‌ಇಡಿ ಪರದೆ, ತೀರ್ಪುಗಾರರ ಭತ್ಯೆ, ಪದಕ, ಊಟ, ಆಂಬುಲೆನ್ಸ್ ಎಲ್ಲ ಬಾಕಿ. ಎಷ್ಟು ಬಿಗಿ ಹಿಡಿದರೂ ಒಟ್ಟು ಒಂಬತ್ತು ಹತ್ತು ಲಕ್ಷಕ್ಕೆ ಹೋಗಿ ನಿಲ್ಲುತ್ತದೆ. ಮುಂದಿನ ಮೂರು ಸಾಲು ಪ್ರಾಯೋಜಕರ ನೆಂಟರಿಗೆ, ನಾಲ್ಕನೆಯದು ಪೊಲೀಸ್ ಠಾಣೆಗೆ, ಐದನೆಯದು ಯಾರಿಗೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಪೂರ್ತಿ ಮಾರಾಟ ಅನ್ನುವುದೂ ಕಾಗದದ ಮೇಲಿನ ಮಾತೇ.

ಉಳಿದ ಆರೇಳು ಲಕ್ಷ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಈ ಸಭೆಯಲ್ಲಿ ಕೂತ ಕರಾವಳಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಯಕ್ಷಗಾನದಲ್ಲಿ ಡೇರೆ ಮೇಳ, ಹರಕೆ ಮೇಳ ಎಂದು ಎರಡು ಬಗೆ. ಡೇರೆ ಮೇಳ ಟಿಕೆಟ್ ನಂಬಿದ್ದು. ಮಳೆ ಬಂದರೆ ನಷ್ಟ, ಪಕ್ಕದೂರಲ್ಲಿ ಜಾತ್ರೆ ಇದ್ದರೆ ನಷ್ಟ. ಅವು ಒಂದೊಂದಾಗಿ ಸೊರಗಿದವು, ಉಳಿದವೂ ಕಂಟ್ರಾಕ್ಟ್ ಆಟಕ್ಕೆ ತಿರುಗಿದವು. ಕಟೀಲಿನ ಹರಕೆ ಆಟಕ್ಕೆ ಮಾತ್ರ ವರ್ಷಗಟ್ಟಲೆ ಮುಂಗಡ ಬುಕಿಂಗ್. ಯಾಕೆಂದರೆ ಅಲ್ಲಿ ದುಡ್ಡು ಕೊಡುವವನು ಆಟ ನೋಡಲು ಕೊಡುವುದಿಲ್ಲ, ಆಡಿಸಿದೆ ಎನ್ನಿಸಿಕೊಳ್ಳಲು ಕೊಡುತ್ತಾನೆ. ನೋಡುವವರಿಗೆ ಪುಕ್ಕಟೆ. ಮುಂಬಯಿಯ ದೇಹದಾರ್ಢ್ಯ ಸ್ಪರ್ಧೆಯೂ ಬಹುಕಾಲದಿಂದ ಹರಕೆ ಆಟವೇ. ಹರಕೆ ಹೊತ್ತವರು ಯಾರೆಂಬುದು ಮಾತ್ರ ಬೇರೆ.

ಪರೇಲ್, ಲಾಲ್‌ಬಾಗ್ ಕಡೆ ಮಿಲ್ಲುಗಳಿದ್ದ ಕಾಲದಲ್ಲಿ ಚಾಳಿಗೊಂದು ವ್ಯಾಯಾಮಶಾಲೆ, ಗಲ್ಲಿಗೊಂದು ಕಬಡ್ಡಿ ತಂಡ ಇರುತ್ತಿದ್ದವು. 1982ರ ಮುಷ್ಕರದ ನಂತರ ಮಿಲ್ಲುಗಳು ನೆಲಕಚ್ಚಿದವು. ವ್ಯಾಯಾಮಶಾಲೆಗಳು ಉಳಿದವು, ಆದರೆ ಆಶ್ರಯ ಬದಲಾಯಿತು. ಗಣೇಶೋತ್ಸವ ಮಂಡಳ, ಅದರ ಹಿಂದಿರುವ ನಗರಸೇವಕ ಅಂದರೆ ಕಾರ್ಪೊರೇಟರ್, ಅವನ ಹಿಂದಿರುವ ಪಕ್ಷ ಮುಂದೆ ಬಂದವು. ಮೈದಾನದಲ್ಲಿ ವೇದಿಕೆ, ಆಳೆತ್ತರದ ಬ್ಯಾನರು. ಬ್ಯಾನರಿನಲ್ಲಿ ಸ್ಪರ್ಧಿಯ ಚಿತ್ರ ಸಣ್ಣದು, ಬಿಳಿ ಷರಟಿನ ಮಹನೀಯರ ಚಿತ್ರ ದೊಡ್ಡದು. ಈ ವ್ಯವಸ್ಥೆಯನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ಚಾಳಿನ ಹುಡುಗನಿಗೆ ಪ್ರವೇಶ ಶುಲ್ಕವಿಲ್ಲದೆ ವೇದಿಕೆ ಸಿಕ್ಕಿದ್ದು ಇದರಿಂದಲೇ.

ಆದರೆ ಇದರ ಆಯುಸ್ಸು ಚುನಾವಣೆಗೆ ಅಂಟಿಕೊಂಡಿದೆ. 2017ರಲ್ಲಿ ಆಯ್ಕೆಯಾದ ಮುಂಬಯಿ ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯದೇ ಕಾರುಬಾರು. ನಗರಸೇವಕನ ಹೆಸರಿನ ಹಿಂದೆ 'ಮಾಜಿ' ಸೇರಿಕೊಂಡಾಗ ಚೆಕ್ ಬುಕ್ ಎಷ್ಟು ನಿಧಾನಕ್ಕೆ ತೆರೆಯುತ್ತದೆ ಎಂಬುದನ್ನು ಸಂಘಟಕರ ಬಾಯಲ್ಲೇ ಕೇಳಬೇಕು. ಇನ್ನೊಂದು ತೊಡಕು ರಾತ್ರಿ ಹತ್ತು ಗಂಟೆ. ಬಯಲಿನಲ್ಲಿ ಧ್ವನಿವರ್ಧಕ ಹತ್ತಕ್ಕೆ ನಿಲ್ಲಬೇಕು, ಕಾನೂನು. ಒಂಬತ್ತು ಗುಂಪು, ಗುಂಪಿಗೆ ಆರು ಜನ, ಮೈಕಟ್ಟನ್ನು ಭಂಗಿಗಳಲ್ಲಿ ತೋರಿಸುವ ಪೋಸಿಂಗ್ ತಲಾ ಒಂದು ನಿಮಿಷ ಎಂದರೆ 54 ನಿಮಿಷ. ಇದಕ್ಕಾಗಿಯೇ ಜನ ಬಂದಿರುವುದು. ಶಾಲು, ಶ್ರೀಫಲ, ಹೂಗುಚ್ಛ, ನಾಲ್ಕು ಮಾತು ಎಂದು ಸತ್ಕಾರಕ್ಕೆ ಒಂದೂವರೆ ತಾಸು. ಒಂಬತ್ತೂಮುಕ್ಕಾಲಿಗೆ ಪೊಲೀಸ್ ಕೈಗಡಿಯಾರ ತೋರಿಸುತ್ತಾನೆ. ಕೊನೆಗೆ ಕತ್ತರಿ ಬೀಳುವುದು ಪೋಸಿಂಗಿಗೇ.

ಜಗತ್ತಿನಲ್ಲಿ ಬೇರೆ ಕಡೆ ಹೇಗಿದೆ ನೋಡೋಣ. ದೊಡ್ಡ ಮಟ್ಟದ ಮೊದಲ ಸ್ಪರ್ಧೆ ನಡೆದದ್ದು 1901ರ ಸೆಪ್ಟೆಂಬರ್ 14ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ನಡೆಸಿದವನು ಆ ಕಾಲದ ಹೆಸರಾಂತ ಬಲಶಾಲಿ ಯೂಜೀನ್ ಸ್ಯಾಂಡೋ. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ತೀರ್ಪುಗಾರರಲ್ಲೊಬ್ಬ. ಸಭಾಗೃಹ ಕಿಕ್ಕಿರಿದಿತ್ತು. ಉಳಿದ ಹಣವನ್ನು ಸ್ಯಾಂಡೋ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಪರಿಹಾರ ನಿಧಿಗೆ ಕೊಟ್ಟುಬಿಟ್ಟ. ಕೊಡುವುದು ಅವನಿಗೆ ಭಾರವಾಗಲಿಲ್ಲ. ಸ್ಪರ್ಧಿಸಬೇಕಾದರೆ ಅವನ ಶಿಷ್ಯನಾಗಿರಬೇಕು ಎಂಬ ನಿಯಮವಿತ್ತಲ್ಲ! ಮೂರು ವರ್ಷ ಮೊದಲೇ ತನ್ನ ಪತ್ರಿಕೆಯಲ್ಲಿ ಸ್ಪರ್ಧೆ ಸಾರಿದ್ದ. ಪತ್ರಿಕೆ, ವ್ಯಾಯಾಮ ಶಾಲೆ, ಸಲಕರಣೆ ಇವುಗಳಿಂದ ಬರುವುದು ಮೊದಲೇ ಬಂದಿತ್ತು. ಅದೇ ಸ್ಯಾಂಡೋ 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ. ನಮ್ಮವರೇ ಆದ ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ನೀವು ಕಾದಂಬರಿಕಾರರೆಂದು ಬಲ್ಲಿರಿ. ಅವರ ಮೈಕಟ್ಟಿನ ಚಿತ್ರಗಳು ದೂರದೂರ ಹೋದವು, ಆದರೆ ನಡೆಸಿದ್ದು ವ್ಯಾಯಾಮಶಾಲೆ ಮತ್ತು ಅಂಚೆಯ ಮೂಲಕ ಪಾಠ. ಮೈ ತೋರಿಸಿದ್ದರಿಂದ ಹೆಸರು, ಹೇಳಿಕೊಟ್ಟದ್ದರಿಂದ ಸಂಪಾದನೆ.

ದೇಹದಾರ್ಢ್ಯ ಪತ್ರಿಕೆಗಳ ಒಡೆಯ ಜೋ ವೈಡರ್ ಈ ದಾರಿಯಲ್ಲೇ ಇನ್ನೂ ಮುಂದೆ ಹೋದ. 1965ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಿಸ್ಟರ್ ಒಲಿಂಪಿಯಾ ಎಂಬ ಸ್ಪರ್ಧೆ ಶುರುಮಾಡಿದ. ಗೆದ್ದವನ ಚಿತ್ರ ವೈಡರನ ಪತ್ರಿಕೆಯ ಮುಖಪುಟದಲ್ಲಿ, ಒಳಪುಟದಲ್ಲಿ ವೈಡರನದೇ ಪ್ರೋಟೀನ್ ಡಬ್ಬಿಯ ಜಾಹೀರಾತು. 1989ರಿಂದ ಅರ್ನಾಲ್ಡ್ ಶ್ವಾರ್ಜ್‌ನೆಗರ್, ಜಿಮ್ ಲೋರಿಮರ್ ಇಬ್ಬರೂ ಅಮೆರಿಕದ ಕೊಲಂಬಸ್ ನಗರದಲ್ಲಿ ಅರ್ನಾಲ್ಡ್ ಕ್ಲಾಸಿಕ್ ಸ್ಪರ್ಧೆ ಬೆಳೆಸಿದರು. ಅದರ ಜೊತೆಗೆ ಮಳಿಗೆಗಳ ಸಂತೆಯೂ ಬೆಳೆಯಿತು. ವೇದಿಕೆಯ ಆಸನಕ್ಕಿಂತ ಎಷ್ಟೋ ಪಟ್ಟು ಜನ ಆ ಸಂತೆಗೆ ಬರುತ್ತಾರೆ. 2024ರ ಒಲಿಂಪಿಯಾ ಗೆದ್ದ ಸ್ಯಾಮ್ಸನ್ ದಾವುದಾನಿಗೆ 6 ಲಕ್ಷ ಡಾಲರ್ ಸಿಕ್ಕಿತು. ಅದು ಟಿಕೆಟ್ಟಿನಿಂದಲೇ ಹುಟ್ಟಿದ ಹಣ ಎಂದು ಯಾರೂ ಭ್ರಮಿಸಬೇಕಾಗಿಲ್ಲ.

ನೋಡುವವರನ್ನೇ ನಂಬಿ ಕೈಸುಟ್ಟುಕೊಂಡವನೂ ಒಬ್ಬನಿದ್ದಾನೆ. ಕುಸ್ತಿ ಮನರಂಜನೆಯ ವಿನ್ಸ್ ಮೆಕ್‌ಮಹನ್. 1990ರಲ್ಲಿ ವರ್ಲ್ಡ್ ಬಾಡಿಬಿಲ್ಡಿಂಗ್ ಫೆಡರೇಶನ್ ಕಟ್ಟಿ, ವೈಡರ್ ಕಡೆಯ ಹೆಸರಾಂತರನ್ನು ಸಂಬಳ ಕೊಟ್ಟು ಎಳೆದ. 1991ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಬೆಳಕು, ಹೊಗೆ, ವೇಷಭೂಷಣ ಎಲ್ಲ ಇದ್ದ ಭರ್ಜರಿ ಪ್ರದರ್ಶನ. ಮರುವರ್ಷ ಮನೆಯಲ್ಲಿ ಕೂತು ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವ ಏರ್ಪಾಡು. ಅಷ್ಟರಲ್ಲಿ ಸ್ಟೀರಾಯ್ಡ್ ಹಗರಣ ಎದ್ದು ಪರೀಕ್ಷೆ ಕಡ್ಡಾಯವಾಯಿತು, ಮೈಗಳು ಇಳಿದವು, ಟಿವಿ ಮುಂದೆ ಕೊಳ್ಳುವವರೇ ಇಲ್ಲ. 1992ರ ಜುಲೈಯಲ್ಲಿ ಬಾಗಿಲು ಹಾಕಿದ. ಕುಸ್ತಿಯನ್ನು ಅಷ್ಟು ಚೆನ್ನಾಗಿ ಮಾರಿದವನಿಗೆ ಇದನ್ನು ಮಾರಲಾಗಲಿಲ್ಲ. ಕಾರಣ ಸರಳ. ಕುಸ್ತಿಯಲ್ಲಿ ಮುಂದೇನು ಎಂಬ ಕುತೂಹಲ ಇರುತ್ತದೆ. ಇಲ್ಲಿ ತೀರ್ಪುಗಾರರು ಮೊದಲೇ ಹೋಲಿಸಿ ಅಂಕ ಹಾಕುವ ಬೆಳಗಿನ ಪೂರ್ವನಿರ್ಣಯದಲ್ಲೇ ಪಳಗಿದ ಕಣ್ಣಿಗೆ ಫಲಿತಾಂಶ ಗೊತ್ತಾಗಿಬಿಡುತ್ತದೆ. ಪಳಗದ ಕಣ್ಣಿಗೆ ರಾತ್ರಿ ಫಲಿತಾಂಶ ಬಂದ ಮೇಲೂ ಗೊತ್ತಾಗುವುದಿಲ್ಲ!

ಮುಂಬಯಿಯಲ್ಲೂ ದೊಡ್ಡ ಪ್ರಯತ್ನಗಳು ಆಗಿವೆ. 2011ರಲ್ಲಿ ಶೇರು ಕ್ಲಾಸಿಕ್ ಎಂಬ ಸ್ಪರ್ಧೆ ಇಲ್ಲಿಗೆ ವಿದೇಶಿ ವೃತ್ತಿಪರರನ್ನೇ ಕರೆತಂದಿತು. ತಲ್ವಲ್ಕರ್ಸ್ ಜಿಮ್ ಕಂಪನಿ ತನ್ನ ಹೆಸರಲ್ಲೇ ಸ್ಪರ್ಧೆ ನಡೆಸಿತು. 2019ರಲ್ಲಿ ಆ ಕಂಪನಿಯೇ ಸಾಲದ ಬಾಕಿ ತೀರಿಸಲಾಗದ ಸ್ಥಿತಿಗೆ ಬಂತು. ಒಬ್ಬನೇ ಪ್ರಾಯೋಜಕನ ಹೆಗಲ ಮೇಲೆ ಕೂರುವುದರ ಅಪಾಯ ಇದು. ಬ್ಯಾಂಕು, ವಿಮೆ, ಸಾಬೂನಿನ ಕಂಪನಿ ಯಾಕೆ ಬರುವುದಿಲ್ಲ ಎಂದು ಕೇಳುತ್ತಾರೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ ಪ್ರಕರಣಗಳ ಪಟ್ಟಿಯಲ್ಲಿ ದೇಹದಾರ್ಢ್ಯ ಪಟುಗಳೇನೂ ಕಡಿಮೆಯಿಲ್ಲ. ಮಾರ್ಕೆಟಿಂಗ್ ಮ್ಯಾನೇಜರ್ ಅದನ್ನು ಒಂದು ಸಲ ಓದಿದರೆ ಸಾಕು. ಕೊನೆಗೆ ಪ್ರೋಟೀನ್ ಪುಡಿ ಡಬ್ಬಿ ಮಾರುವವರೇ ಗತಿ. ಅವರಲ್ಲಿ ಹಲವರು ಕೊಡುವುದೂ ದುಡ್ಡಲ್ಲ, ಡಬ್ಬಿ.

ಈಗ ನಾನು ಹೇಳಲು ಬಂದ ಮಾತು. ಸಂಘಟಕ ನಷ್ಟ ಅನ್ನುತ್ತಾನೆ, ಪ್ರಾಯೋಜಕ ಉಪಕಾರ ಅನ್ನುತ್ತಾನೆ. ಈ ಆಟದಲ್ಲಿ ನಿಜವಾಗಿ ಅತಿ ಹೆಚ್ಚು ಬಂಡವಾಳ ಹಾಕಿದವನು ಯಾರು?

ತೆರೆಯ ಹಿಂದೆ ಹೋಗಿ ನೋಡಿ. ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಕಾಲನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಸ್ಪರ್ಧಿ ಮಲಗಿರುತ್ತಾನೆ. ಬೆಳಕಿನಲ್ಲಿ ಸ್ನಾಯು ಎದ್ದು ಕಾಣಲೆಂದು ಮೈಗೆ ಮೂರು ಕೋಟು ಕಂದು ಬಣ್ಣ. ಎಲ್ಲೂ ಒರಗುವಂತಿಲ್ಲ. ಒರಗಿದರೆ ಗೋಡೆಯ ಮೇಲೆ ಬೆನ್ನಿನ ಅಚ್ಚು ಮೂಡುತ್ತದೆ, ಸಭಾಗೃಹದವರು ಆ ಬಣ್ಣಕ್ಕೆಂದೇ ಡಿಪಾಸಿಟ್ ಹಿಡಿದಿರುತ್ತಾರೆ. ನೀರು ಗುಟುಕು ಗುಟುಕು. ಹೆಸರು ಕೂಗುವ ಹತ್ತು ನಿಮಿಷ ಮೊದಲು ಒಂದು ತುಂಡು ಚಿಕ್ಕಿ ಬಾಯಿಗೆ, ಎಳೆದು ಸ್ನಾಯು ಉಬ್ಬಿಸಲು ರಬ್ಬರ್ ಪಟ್ಟಿ ಕೈಗೆ. ಅವನನ್ನು ಅಲ್ಲಿಗೆ ತಂದ ಮೂರು ತಿಂಗಳ ಖರ್ಚು ಲೆಕ್ಕ ಹಾಕಿ. ದಿನಕ್ಕೆ 20 ಮೊಟ್ಟೆ, ಏಳು ರೂಪಾಯಿಯಂತೆ 140. ಮುಕ್ಕಾಲು ಕಿಲೋ ಎಲುಬಿಲ್ಲದ ಕೋಳಿ, ಸುಮಾರು 250. ತಿಂಗಳಿಗೆ ಹತ್ತಿರ ಹತ್ತಿರ 12,000, ಮೂರು ತಿಂಗಳಿಗೆ 35,000. ಪುಡಿ, ಕೋಚಿನ ಶುಲ್ಕ, ಬಣ್ಣ ಇದರಲ್ಲಿ ಸೇರಿಲ್ಲ. 90 ಸ್ಪರ್ಧಿಗಳಿದ್ದರೆ 31 ಲಕ್ಷ ದಾಟಿತು. ಹತ್ತು ಲಕ್ಷದ ಕಾರ್ಯಕ್ರಮಕ್ಕೆ ಸ್ಪರ್ಧಿಗಳು ಹಾಕಿದ್ದು ಅದರ ಮೂರು ಪಟ್ಟು. ಯಾವ ಸಂಘಟಕನ ಜಮಾಖರ್ಚಿನಲ್ಲೂ ಈ ಸಾಲು ಇರುವುದಿಲ್ಲ. ತೂಕದ ಗುಂಪಿನಲ್ಲಿ ಮೊದಲನೆಯವನಾದರೂ ಅವನಿಗೆ ಮರಳಿ ಬರುವುದು ಹತ್ತು ಸಾವಿರ!

ಹಾಗಾದರೆ ಯಾಕೆ ಬರುತ್ತಾನೆ? ಹುಚ್ಚು ಒಂದು ಪಾಲು, ಒಪ್ಪುತ್ತೇನೆ. ಇನ್ನೊಂದು ಪಾಲು ಲೆಕ್ಕಾಚಾರ. ಹೆಸರಿನ ಮುಂದೆ 'ಶ್ರೀ' ಕಿರೀಟ ಬಂದರೆ ಪರ್ಸನಲ್ ಟ್ರೇನಿಂಗ್ ದರ ಏರುತ್ತದೆ. ಇನ್ನೂ ಮೇಲೇರಿದರೆ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿಯ ಆಸೆ. ಅಂದರೆ ಸ್ಪರ್ಧೆ ಅವನಿಗೆ ಒಂದು ಪರೀಕ್ಷೆ, ಪದಕ ಅದರ ಸರ್ಟಿಫಿಕೇಟ್.

ಅಮೆರಿಕದಲ್ಲಿ ಹವ್ಯಾಸಿಗಳ ಸ್ಪರ್ಧೆ ನಡೆಸುವ ಎನ್‌ಪಿಸಿ ಸಂಸ್ಥೆಯವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಅವರಿಗೆ ಸ್ಪರ್ಧಿಯೇ ಗಿರಾಕಿ. ಸದಸ್ಯತ್ವಕ್ಕೆ ಹಣ, ಪ್ರತಿ ವಿಭಾಗಕ್ಕೆ ಬೇರೆ ಹಣ, ಎರಡು ವಿಭಾಗದಲ್ಲಿ ನಿಂತರೆ ಎರಡು ಸಲ ಹಣ. ಬಣ್ಣ ಹಚ್ಚಲು, ಫೋಟೋಗೆ, ಕೋಚ್ ಒಳಗೆ ಬರಲು ಪಾಸಿಗೆ, ಎಲ್ಲಕ್ಕೂ ಹಣ. ಆಸನದಲ್ಲಿ ಕೂತವರು ಹೆಚ್ಚಾಗಿ ಸ್ಪರ್ಧಿಯ ಅಪ್ಪ, ಅಮ್ಮ, ಜಿಮ್ಮಿನ ಗೆಳೆಯರು. ಆ ಟಿಕೆಟ್ಟೂ ಅವನ ಜೇಬಿನದೇ ಅನ್ನಿ. 2011ರಲ್ಲಿ ಮೆನ್ಸ್ ಫಿಸಿಕ್ ಎಂಬ ವಿಭಾಗ ತಂದರು. ಮೊಣಕಾಲಿನವರೆಗೆ ಚಡ್ಡಿ ಹಾಕಿ ನಿಲ್ಲುವುದು. ಹಳೆಯ ಉಸ್ತಾದರು ಇವತ್ತಿಗೂ "ತೊಡೆ ಇಲ್ಲದವರ ಮೇಳ" ಎಂದು ನಗುತ್ತಾರೆ. ಆ ಚಡ್ಡಿಯೇ ಎಷ್ಟೋ ಸ್ಪರ್ಧೆಗಳ ಮಾನ ಉಳಿಸಿತು. ವರ್ಷಾನುಗಟ್ಟಲೆ ತೊಡೆ ಬೆಳೆಸಲಾಗದ ಆಫೀಸಿನ ಹುಡುಗರೂ ಹೆಸರು ಕೊಡತೊಡಗಿದರು.

ಅದನ್ನೇ ಇಲ್ಲಿಗೆ ತಂದರೆ? ಕಾಗದದ ಮೇಲೆ ಲಾಭ ಬರುತ್ತದೆ. ನನ್ನ ಮನಸ್ಸು ಮಾತ್ರ ಒಪ್ಪುವುದಿಲ್ಲ. ಡೆಲಿವರಿ ಮಾಡಿ, ರಾತ್ರಿ ಪಾಳಿಯಲ್ಲಿ ಕಾವಲು ಕಾಯ್ದು ಮೊಟ್ಟೆ ಕೊಳ್ಳುವವನ ಮೇಲೆ ಐದಾರು ಸಾವಿರದ ಶುಲ್ಕ ಹಾಕಿದರೆ ಮೊದಲು ಹೊರಗೆ ಹೋಗುವವನು ಅವನೇ, ಈ ಊರಿನ ಸ್ಪರ್ಧೆಗೆ ಕಸುವು ಕೊಟ್ಟವನೂ ಅವನೇ. ಬದಲು, ಅವನ ಮೈಯಿಂದ ವರ್ಷವಿಡೀ ಲಾಭ ಮಾಡುವ ಜಿಮ್ಮುಗಳಿವೆಯಲ್ಲ? ಜನವರಿಯ ಸದಸ್ಯತ್ವಕ್ಕೆ ಗೋಡೆಯ ಮೇಲೆ ಅವನ ಫೋಟೋ ಅಂಟಿಸುತ್ತಾರೆ. ಸ್ಪರ್ಧಿಯ ಹೆಸರು ಜಿಮ್ಮಿನ ಮೂಲಕ ಬರಲಿ, ಶುಲ್ಕ ಜಿಮ್ ಕಟ್ಟಲಿ. ನಲವತ್ತು ಜಿಮ್ ತಲಾ ಹತ್ತು ಸಾವಿರ ಕೊಟ್ಟರೆ ನಾಲ್ಕು ಲಕ್ಷ. ಒಬ್ಬ ಮಹನೀಯನ ಬಿಳಿ ಷರಟಿಗಿಂತ ಇದು ಭದ್ರ, ಏಕೆಂದರೆ ನಲವತ್ತೂ ಒಂದೇ ವರ್ಷ ಚುನಾವಣೆ ಸೋಲುವುದಿಲ್ಲ.

ಖರ್ಚಿನ ಕಡೆಗೂ ಎರಡು ಮಾತು. ಎಲ್‌ಇಡಿ ಪರದೆಗೆ ಸುರಿಯುವ ಹಣದಲ್ಲಿ ಅರ್ಧವನ್ನು ಮೇಲಿನಿಂದ, ಮುಂದಿನಿಂದ ಬೀಳುವ ಒಳ್ಳೆಯ ಬೆಳಕಿಗೆ ಹಾಕಿ. ಹಿಂದೆ ಝಗಝಗಿಸುವ ಪರದೆ ಇದ್ದರೆ ಮುಂದೆ ನಿಂತವನ ಬೆನ್ನಿನ ಗೆರೆಗಳೇ ಕಾಣುವುದಿಲ್ಲ, ಮೂರು ತಿಂಗಳ ಕೋಳಿ ನೀರುಪಾಲು. ಅದಕ್ಕೂ ದೊಡ್ಡ ಸೋರಿಕೆ ಸಂಘಟನೆಗಳ ಜಗಳ. ಒಂದು ಒಕ್ಕೂಟ ಒಡೆದು ಎರಡು, ಎರಡು ಮೂರು. 2017ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲೇ ದೇಹದಾರ್ಢ್ಯದ ಒಕ್ಕೂಟ ಐಎಫ್‌ಬಿಬಿ ಹವ್ಯಾಸಿಗಳ ಅಮೆಚೂರ್, ವೃತ್ತಿಪರರ ಪ್ರೊ ಲೀಗ್ ಎಂದು ಬೇರೆಯಾಯಿತು, ಇಲ್ಲಿಯ ಒಡಕು ಅದಕ್ಕಿಂತ ಹಳೆಯದು. ಒಂದೇ ಭಾನುವಾರ ಎರಡು ಕಡೆ ಸ್ಪರ್ಧೆ, ಒಂದೇ ಊರಿಗೆ ಇಬ್ಬರು 'ಶ್ರೀ'. ಪ್ರಾಯೋಜಕ ಯಾರನ್ನು ನಂಬಬೇಕು? ಅಲ್ಲಿ ನಿಂತವನು ಇಲ್ಲಿ ನಿಲ್ಲಬಾರದೆಂಬ ಕಟ್ಟಳೆ ಬೇರೆ.

ಕೊನೆಯದು ಬಹುಮಾನದ ಹಣ. ವೇದಿಕೆಯ ಮೇಲೆ ಆಳೆತ್ತರದ ರಟ್ಟಿನ ಚೆಕ್ ಕೊಟ್ಟು ಫೋಟೋ ತೆಗೆಸಿ, ನಿಜವಾದ ಹಣಕ್ಕೆ ತಿಂಗಳುಗಟ್ಟಲೆ ಅಲೆಸುವ ಸಂಘಟಕರಿದ್ದಾರೆ. ನನ್ನ ಮುಂದೆಯೇ ಒಬ್ಬರು "ಮುಂದಿನ ವರ್ಷದ ಪ್ರಾಯೋಜಕರು ಬಂದಾಗ ಈ ವರ್ಷದ್ದು ಕೊಟ್ಟರಾಯಿತು" ಎಂದದ್ದುಂಟು. ಅವರ ಪುಸ್ತಕ ನಾನು ಈಗ ಬರೆಯುತ್ತಿಲ್ಲ. ಬಹುಮಾನದ ಮೊತ್ತ ಸ್ಪರ್ಧೆಗೆ ಮೊದಲೇ ಬೇರೆ ಖಾತೆಯಲ್ಲಿರಬೇಕು, ಹೆಸರು ಕೂಗಿದ ರಾತ್ರಿಯೇ ಹುಡುಗನ ಖಾತೆಗೆ ಹೋಗಬೇಕು. ಅಷ್ಟು ಮೊತ್ತ ಕೈಯಲ್ಲಿಲ್ಲವೆಂದರೆ ಒಂಬತ್ತು ಗುಂಪಿನ ಬದಲು ಐದೇ ಗುಂಪು ಇಟ್ಟುಕೊಳ್ಳಿ, ಇಲ್ಲವೇ ಆ ವರ್ಷ ಬಿಟ್ಟುಬಿಡಿ.

ಎಂಟೂವರೆಗೆ ಈ ಸಭಾಗೃಹಕ್ಕೂ ಬೀಗ ಹಾಕುತ್ತಾರಂತೆ. ಪ್ರಶ್ನೆಗಳಿಗೆ ಹತ್ತು ನಿಮಿಷ ಇದೆ. ಹಿಂದಿನ ಸಾಲಿನಲ್ಲಿ ಇಬ್ಬರು ಜಿಮ್ ಮಾಲೀಕರು ಕೂತಿರುವುದು ಕಾಣುತ್ತಿದೆ. ಹತ್ತು ಸಾವಿರದ ವಿಷಯದಲ್ಲಿ ಅವರು ಏನು ಹೇಳುತ್ತಾರೋ, ಮೊದಲು ಅದನ್ನೇ ಕೇಳೋಣ.