255 ಆದ ಮೇಲೆ ಏನು?

ಕೇಳುಗರೆಲ್ಲರಿಗೂ ನಮಸ್ಕಾರ. ಪೇಸ್‌ಮೇಕರ್, ರೈಲಿನ ಸಿಗ್ನಲ್, ಕಾರಿನ ಬ್ರೇಕ್, ಎಲ್ಲದರೊಳಗೂ ಈಗ ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ ಕೋಡ್ ಬರೆಯುವ ಹುಡುಗರನ್ನು ಕಂಡರೆ ನಾನು ಕೇಳುವುದು ಒಂದೇ: ಸಂಖ್ಯೆಗೆ ಕೊಟ್ಟ ಜಾಗ ತುಂಬಿದ ಮೇಲೆ ಏನಾಗುತ್ತದೆ? "ಟೆಸ್ಟ್ ಪಾಸ್ ಆಯ್ತಲ್ಲ ಸಾರ್" ಅನ್ನುತ್ತಾರೆ. ನಾನು ಕೇಳಿದ್ದು ಅದಲ್ಲ.

ಹಳೇ ಸ್ಕೂಟರಿನ ಮೀಟರ್ 99999 ದಾಟಿದರೆ ಮತ್ತೆ ಸೊನ್ನೆಗೆ ಬರುತ್ತಿತ್ತು, ಅಲ್ವಾ? ಕಂಪ್ಯೂಟರಿನ ನೆನಪಿನ ಪುಟ್ಟ ಖಾನೆ, ಅಂದರೆ ಒಂದು ಬೈಟ್‌ನಲ್ಲೂ ಹಾಗೇ. 255 ಆದ ಮೇಲೆ ಸೊನ್ನೆ.

ಥೆರಾಕ್-25 ಅಂತ ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರವಿತ್ತು, ಕೆನಡಾದ್ದು. 1985ರಿಂದ 1987ರೊಳಗೆ ಆರು ಜನರಿಗೆ ಅದರಿಂದ ವಿಪರೀತ ವಿಕಿರಣ ಬಿತ್ತು. ಅದರ ಹಿಂದಿನ ಮಾದರಿಯಲ್ಲಿ ಎಡವಟ್ಟಾದರೆ ಕಿರಣ ತಡೆಯಲು ಬೇರೆಯೇ ಹಾರ್ಡ್‌ವೇರ್ ಇತ್ತು. ಇದರಲ್ಲಿ ಅದನ್ನು ತೆಗೆದು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಅಂತ ಬಿಟ್ಟರು! ಈ ಆರರಲ್ಲಿ ಎಲ್ಲರೂ ಅಮೆರಿಕದ ಟೆಕ್ಸಾಸ್‌ನ ಘಟನೆ ಹೇಳುತ್ತಾರೆ, ನಾನು ಹೇಳುವುದು ಅದೇ ದೇಶದ ಯಾಕಿಮಾ ಊರಿನದು, 1987ರ ಜನವರಿ. ಯಂತ್ರದ ಕೋಡ್‌ನಲ್ಲಿ ಒಂದು ಬೈಟ್‌ನ ವೇರಿಯಬಲ್, ಅಂದರೆ ಬದಲಾಗುವ ಸಂಖ್ಯೆ ಇಡುವ ಜಾಗ. ಅದು ಸೊನ್ನೆ ಅಲ್ಲದಿದ್ದರೆ, ಕಿರಣದ ದಾರಿಯಲ್ಲಿರುವ ತಿರುಗುವ ತಟ್ಟೆ ಸರಿಯಾದ ಜಾಗದಲ್ಲಿದೆಯೇ ಅಂತ ಪರೀಕ್ಷಿಸಬೇಕು. ಸೊನ್ನೆಯಾದರೆ ಬೇಡ. ಬರೆದವರು ಏನು ಮಾಡಿದರು? ಅಲ್ಲಿ ಸೀದಾ 1 ಅಂತ ಇಡುವ ಬದಲು, ಪ್ರತಿ ಸುತ್ತಿಗೂ ಒಂದೊಂದು ಕೂಡಿಸುತ್ತಾ ಹೋದರು. ರೋಗಿಯನ್ನು ಸರಿಯಾಗಿ ಮಲಗಿಸುವಷ್ಟರಲ್ಲಿ ಆ ಸುತ್ತು ನೂರಾರು ಸಲ ಓಡುತ್ತದೆ, 256 ಸಲಕ್ಕೊಮ್ಮೆ ಸೊನ್ನೆ ಬರುತ್ತದೆ. ಸರಿಯಾಗಿ ಆ ಗಳಿಗೆಯಲ್ಲೇ ಆಪರೇಟರ್ ಬಟನ್ ಒತ್ತಿದರು. ಪರೀಕ್ಷೆ ತಪ್ಪಿಹೋಯಿತು, ತಟ್ಟೆ ಇನ್ನೂ ದೀಪ ಹಾಕಿ ಜಾಗ ಗುರುತಿಸುವ ಸ್ಥಾನದಲ್ಲೇ ಇತ್ತು, ಕಿರಣ ಯಾವ ಅಡ್ಡಿಯೂ ಇಲ್ಲದೆ ರೋಗಿಯ ಮೈಮೇಲೆ ಬಿತ್ತು. ಆ ರೋಗಿ ಏಪ್ರಿಲ್‌ನಲ್ಲಿ ತೀರಿಕೊಂಡರು. ರಿಪೇರಿ ಏನು ಗೊತ್ತೇ? ಕೂಡಿಸುವುದು ಬಿಟ್ಟು, ಸೊನ್ನೆಯಲ್ಲದ ಒಂದು ಸ್ಥಿರ ಸಂಖ್ಯೆ ಇಡುವುದು. ಅಷ್ಟೇ!

ಇದು ಟೆಸ್ಟ್‌ನಲ್ಲಿ ಸಿಗುತ್ತಿತ್ತಾ? ಅದೃಷ್ಟ ಇದ್ದರೆ. ತುಂಬಿದ ಮೇಲೆ ಏನು ಅಂತ ಕೋಡ್ ಬರೆಯುವಾಗಲೇ ಕೇಳಿದ್ದರೆ ಐದು ನಿಮಿಷದ ಕೆಲಸ.

ಅಯ್ಯೋ, ಹೊತ್ತಾಯಿತು. ಹ್ಯಾಕರ್‌ಗಳಿಂದ ಭದ್ರತೆ ಬೇರೆ ವಿಷಯ ಅಂತ ಮಾತ್ರ ತಿಳಿಯಬೇಡಿ, ಪ್ರಶ್ನೆ ಅದೇ. 256 ಬೈಟ್ ಹಿಡಿಸುವ ಬಫರ್‌ಗೆ, ಅಂದರೆ ಬಂದ ಮಾಹಿತಿ ಇಟ್ಟುಕೊಳ್ಳುವ ಜಾಗಕ್ಕೆ, ಯಾರೋ ಬೇಕಂತಲೇ 300 ಬೈಟ್ ಕಳಿಸಿದರೆ? ಸಿ ಭಾಷೆ ಸುಮ್ನೆ ಬರೆದುಕೊಂಡು ಹೋಗುತ್ತದೆ, ರಸ್ಟ್ ಅನ್ನುವ ಇನ್ನೊಂದು ಭಾಷೆ ಅಲ್ಲೇ ನಿಲ್ಲಿಸುತ್ತದೆ. ಆದರೆ ಥೆರಾಕ್‌ನಂಥ ಕೌಂಟರ್ ಇದ್ದರೆ ರಸ್ಟ್ ಕೂಡ ರಿಲೀಸ್ ಬಿಲ್ಡ್‌ನಲ್ಲಿ, ಅಂದರೆ ಬಳಕೆಗೆ ಕೊಡುವ ಅಂತಿಮ ರೂಪದಲ್ಲಿ, ತಾನಾಗಿ ತಡೆಯುವುದಿಲ್ಲ, 255 ಆದ ಮೇಲೆ ಸದ್ದಿಲ್ಲದೆ ಸೊನ್ನೆಗೆ ಹೋಗುತ್ತದೆ. ಹೀಗೆ ತುಂಬಿ ಸೊನ್ನೆಗೆ ಹೋಗುವುದನ್ನು ಹಿಡಿಯುವ ಓವರ್‌ಫ್ಲೋ ತಪಾಸಣೆಯನ್ನು ಸೆಟ್ಟಿಂಗ್‌ನಲ್ಲಿ ನೀವೇ ಆನ್ ಮಾಡಬೇಕು. ಇವತ್ತೇ ಮಾಡಿ. ನಮಸ್ಕಾರ.