ಯೂನಿಟ್ಟಿಗೆ ಹತ್ತು ಕಿಲೋಮೀಟರ್

ಎಲ್ಲರಿಗೂ ನಮಸ್ಕಾರ. ಕಾರಿನ ಮಾತಿಗೆ ಮೊದಲು ಒಂದು ಪ್ರಶ್ನೆ. ಹತ್ತು ವರ್ಷದ ಹಿಂದೆ ಯಾರ ಮೊಬೈಲಿನಲ್ಲಿ ಯುಸಿ ಬ್ರೌಸರ್ ಇತ್ತು, ಕೈ ಎತ್ತಿ. ನೋಡಿ, ಎಷ್ಟೊಂದು ಕೈ! 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಅದನ್ನು ನಿಷೇಧಿಸಿತು. ಅದಕ್ಕೂ ಮೊದಲು, 2ಜಿ ಕಾಲದಲ್ಲಿ, ಎಷ್ಟೋ ಜನಕ್ಕೆ ಅದೇ ಗತಿ. ವೆಬ್ ಪುಟವನ್ನು ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಿತ್ತು. ಡೇಟಾ ಉಳಿಯುತ್ತಿತ್ತು.

ಅದನ್ನು ಕಟ್ಟಿದವರಲ್ಲಿ ಒಬ್ಬರು ಹ ಷಿಯಾವೊಪೆಂಗ್. ಆ ಬ್ರೌಸರಿನ ಕಂಪನಿ 2014ರಲ್ಲಿ ಚೀನಾದ ಅಲಿಬಾಬಾ ಪಾಲಾಯಿತು. ಅದೇ ವರ್ಷ ಚೀನಾದ ಗ್ವಾಂಗ್‌ಝೌನಲ್ಲಿ ಎಕ್ಸ್‌ಪೆಂಗ್ ಎಂಬ ಕಾರು ಕಂಪನಿ ಹುಟ್ಟಿತು. ಹೆಸರು ಅವರದ್ದೇ.

ಈ ಕಂಪನಿ 2024ರ ಆಗಸ್ಟ್ 27ರಂದು ಮೋನಾ ಎಂ03 ಎಂಬ ಎಲೆಕ್ಟ್ರಿಕ್ ಸೆಡಾನ್ ಬಿಟ್ಟಿತು. ಆರಂಭದ ಬೆಲೆ 1,19,800 ಯುವಾನ್, ಅಂದಿನ ಲೆಕ್ಕದಲ್ಲಿ ಸುಮಾರು 14 ಲಕ್ಷ ರೂಪಾಯಿ. 52 ನಿಮಿಷದಲ್ಲಿ 10,000 ಬುಕಿಂಗ್ ದಾಟಿತು. ಉದ್ದ 4.78 ಮೀಟರ್. ಅಲ್ಲಿ ಇದಕ್ಕೆ ಕಾಂಪ್ಯಾಕ್ಟ್, ಅಂದರೆ ಚಿಕ್ಕ ಕಾರು ಅಂತಾರೆ, ನಗಬೇಡಿ!

ಇಷ್ಟು ಅಗ್ಗ ಹೇಗೆ? ಸರ್ಕಾರದ ನೆರವಿದೆ, ಬೆಲೆಯ ಪೈಪೋಟಿ ಇದೆ, ಒಪ್ಪೋಣ. ನನ್ನ ಕುತೂಹಲ ಬ್ಯಾಟರಿಯ ಮೇಲೆ. ಎಲೆಕ್ಟ್ರಿಕ್ ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಅದೇ ಅಲ್ವಾ? ಎಂ03ರ ಆರಂಭದ ಮಾಡೆಲ್‌ನಲ್ಲಿರುವುದು 51.8 ಕಿಲೋವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 52 ಯೂನಿಟ್. ಅಷ್ಟರಲ್ಲೇ 515 ಕಿಲೋಮೀಟರ್ ಓಡುತ್ತದೆ ಅಂತ ಚೀನಾದ ಪರೀಕ್ಷೆಯ ಲೆಕ್ಕ.

ಗುಟ್ಟು ಮೈಕಟ್ಟಿನಲ್ಲಿದೆ. ಎದುರುಗಾಳಿಗೆ ಸೈಕಲ್ ತುಳಿದವರಿಗೆ ನಾನು ಹೇಳಬೇಕಾಗಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಕಾರಿನ ಆಕಾರ ಗಾಳಿಯನ್ನು ಎಷ್ಟು ಸಲೀಸಾಗಿ ಸೀಳುತ್ತದೆ ಎನ್ನುವುದಕ್ಕೆ ಡ್ರ್ಯಾಗ್ ಗುಣಾಂಕ ಅಂತ ಒಂದು ಅಂಕಿ ಇದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಸಾಮಾನ್ಯ ಸೆಡಾನ್‌ಗಳದ್ದು 0.25ರಿಂದ 0.30ರ ಆಸುಪಾಸು. ಇದರದ್ದು 0.194! ಹಿಂದಕ್ಕೆ ಇಳಿಜಾರಾದ ಚಾವಣಿ, ಬಾಗಿಲಿನ ಒಳಗೇ ಅಡಗುವ ಹಿಡಿಕೆ, ಬೇಕಾದಾಗ ಮಾತ್ರ ತೆರೆಯುವ ಮುಂದಿನ ಗ್ರಿಲ್, ಎಲ್ಲ ಇದಕ್ಕೇ. ಆ ಬ್ರೌಸರ್ ಡೇಟಾ ಉಳಿಸಿತು, ಈ ಕಾರು ಕರೆಂಟ್ ಉಳಿಸುತ್ತದೆ. ಕರೆಂಟ್ ಉಳಿಸಿದಷ್ಟೂ ಚಿಕ್ಕ ಬ್ಯಾಟರಿಯೇ ಸಾಕಾಗುತ್ತದೆ.

ಆ ಬ್ಯಾಟರಿಯೂ ಕಬ್ಬಿಣ, ಫಾಸ್ಫೇಟಿನದ್ದು. ದುಬಾರಿ ಕೋಬಾಲ್ಟ್, ನಿಕ್ಕಲ್ ಇಲ್ಲ. ಇಲ್ಲೊಂದು ಸ್ವಾರಸ್ಯ ಇದೆ. ಈ ರಸಾಯನವನ್ನು ಮೊದಲು ತೋರಿಸಿಕೊಟ್ಟ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರು ಕೇಳಿದಾಗ ನಾನಂತೂ ಕಿವಿ ನಿಮಿರಿಸಿದೆ.

ಇನ್ನೊಂದು ವಿಷಯ. ಈ ಕಾರಿನ ಯೋಜನೆ ಮೂಲದಲ್ಲಿ ಚೀನಾದ ಟ್ಯಾಕ್ಸಿ ಆ್ಯಪ್ ಕಂಪನಿ ದೀದಿಯದ್ದು. ದೀದಿಯ ಎಲೆಕ್ಟ್ರಿಕ್ ಕಾರಿನ ವಿಭಾಗವನ್ನೇ ಕೊಳ್ಳುವುದಾಗಿ ಎಕ್ಸ್‌ಪೆಂಗ್ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬಾಡಿಗೆ ಓಡಿಸುವವರು ಒಂದೊಂದು ಯೂನಿಟ್ಟಿಗೂ ಲೆಕ್ಕ ಇಡುತ್ತಾರೆ, ಗೊತ್ತಲ್ಲ.

ಹಾಗಂತ 515 ಅನ್ನುವುದನ್ನು ಸುಮ್ನೆ ನಂಬಬೇಡಿ. ಆ ಪರೀಕ್ಷೆಯಲ್ಲಿ ಪೇಟೆಯ ನಿಧಾನ ಓಟವೇ ಜಾಸ್ತಿ. ಹೆದ್ದಾರಿಯಲ್ಲಿ 120ಕ್ಕೆ ಹೋದರೆ, ಮೇಲೆ ಎಸಿ ಹಾಕಿದರೆ, ಅಷ್ಟು ಸಿಗುವುದಿಲ್ಲ. ಮುಕ್ಕಾಲು ಪಾಲು ಅಂತ ನಾನು ಹಿಡಿಯುತ್ತೇನೆ. ಆಗಲೂ 380ರಷ್ಟು ಆಯಿತು. ಗ್ವಾಂಗ್‌ಝೌನಿಂದ ಷೆನ್‌ಝೆನ್‌ಗೆ ಸುಮಾರು 140 ಕಿಲೋಮೀಟರ್. ಹೋಗಿ ಬಂದ ಮೇಲೂ ಮಾರನೇ ದಿನ ಊರೊಳಗೆ ಓಡಾಡುವಷ್ಟು ಚಾರ್ಜ್ ಉಳಿದಿರುತ್ತದೆ.