ಲೀಟರಿಗೆ 50 ಗ್ರಾಂ ತಾಮ್ರ: ಹುಳಿ ನೀರಿನ ಬ್ಯಾಕ್ಟೀರಿಯಾ

ಕೇಳುಗರಿಗೆ ನಮಸ್ಕಾರ.

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರಿಗೆ ಮೈಲುತುತ್ತದ ಪರಿಚಯ ಮಾಡಿಕೊಡಬೇಕಿಲ್ಲ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, ಇದು ಬೋರ್ಡೊ ದ್ರಾವಣ. ಲೆಕ್ಕ ಹಾಕಿದರೆ ಲೀಟರಿಗೆ ಎರಡೂವರೆ ಗ್ರಾಂ ತಾಮ್ರ. ಅಂಗಮಾರಿ ರೋಗದ ದುಂಡಾಣುವನ್ನು ಹತೋಟಿಗೆ ತರಲು ತೋಟದಲ್ಲಿ ತಾಮ್ರವನ್ನೇ ಸಿಂಪಡಿಸುತ್ತೇವೆ. ಇವತ್ತು ನಾನು ಹೇಳಹೊರಟಿರುವ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಪಳಗಿಸಿದರೆ ಲೀಟರಿಗೆ 50 ಗ್ರಾಂ ತಾಮ್ರ ಕರಗಿದ ನೀರಿನಲ್ಲೂ ಬದುಕುತ್ತದೆ. ಅದೂ ನಿಂಬೆರಸದಷ್ಟು ಹುಳಿಯಾದ ನೀರಿನಲ್ಲಿ. ಹೆಸರು ಸ್ವಲ್ಪ ಉದ್ದ: ಅಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್.

ಇದನ್ನು "ಲೋಹ ತಿನ್ನುವ ಬ್ಯಾಕ್ಟೀರಿಯಾ" ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಬರೆಯಬೇಡಿ. ಶಕ್ತಿಗೆ ಇದಕ್ಕೆ ಕಬ್ಬಿಣ ಬೇಕು ನಿಜ, ಆದರೆ ತಾಮ್ರದಂಥ ವಿಷವನ್ನು ತಿಂದು ಅರಗಿಸಿಕೊಳ್ಳುವುದಿಲ್ಲ. ವಿಷವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ನುಸುಳಿ ಬಂದದ್ದನ್ನು ಹೊರಗೆ ದಬ್ಬುತ್ತದೆ. ಇಷ್ಟು ನೆನಪಿಟ್ಟರೆ ಸಾಕು, ಉಳಿದದ್ದು ವಿವರ.

ಇದು ಪತ್ತೆಯಾದದ್ದು 1947ರಲ್ಲಿ, ಅಮೆರಿಕದ ಕಲ್ಲಿದ್ದಲು ಗಣಿಗಳಿಂದ ಹರಿಯುವ ಹುಳಿ ನೀರಿನಲ್ಲಿ. ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಕಲ್ಲು ಗಾಳಿ, ನೀರು ತಾಗಿ ತಾನಾಗಿಯೇ ಆಮ್ಲವಾಗುತ್ತದೆ, ಬರೀ ರಸಾಯನಶಾಸ್ತ್ರ ಎಂದು ಆಗ ನಂಬಿದ್ದರು. ಕೋಲ್ಮರ್, ಹಿಂಕಲ್ ಎಂಬಿಬ್ಬರು ಆ ನೀರಿನಲ್ಲಿ ಜೀವಾಣು ಇದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುತ್ತದೆ ಎಂದು ಹೋಲಿಸಿ ನೋಡಿದರು. ಜೀವಾಣು ಇದ್ದ ನೀರಿನಲ್ಲಿ ಕಬ್ಬಿಣ ಬೇಗ ಬೇಗ ತುಕ್ಕಿನ ಬಣ್ಣಕ್ಕೆ ತಿರುಗಿತು, ಇಲ್ಲದ ನೀರಿನಲ್ಲಿ ಹಾಗೇ ಉಳಿಯಿತು. ಅಷ್ಟೇ ಪ್ರಯೋಗ! ದುಬಾರಿ ಯಂತ್ರವೇನೂ ಬೇಕಿರಲಿಲ್ಲ.

ರಾಯಚೂರು, ಬಳ್ಳಾರಿಯ ಕಾಲೇಜು ಪ್ರಯೋಗಾಲಯಗಳಲ್ಲೂ ಇದನ್ನು ಕಣ್ಣಾರೆ ನೋಡಬಹುದು. 1 ಲೀಟರ್ ನೀರಿಗೆ ಅಮೋನಿಯಂ ಸಲ್ಫೇಟ್ 3 ಗ್ರಾಂ, ಪೊಟ್ಯಾಸಿಯಂ ಫಾಸ್ಫೇಟ್ ಅರ್ಧ ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಅರ್ಧ ಗ್ರಾಂ, ಚಿಟಿಕೆ ಪೊಟ್ಯಾಸಿಯಂ ಕ್ಲೋರೈಡ್, ಅದಕ್ಕೂ ಕಡಿಮೆ ಕ್ಯಾಲ್ಸಿಯಂ ನೈಟ್ರೇಟ್. ಆಮೇಲೆ ಮುಖ್ಯವಾದ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, 44 ಗ್ರಾಂ. ಸಕ್ಕರೆ ಬೇಡ, ಬೆಲ್ಲ ಬೇಡ. ಇಂಗಾಲ ಗಾಳಿಯಿಂದ ಬರುತ್ತದೆ, ಶಕ್ತಿ ಕಬ್ಬಿಣದಿಂದ. ಅನ್ನಭೇದಿಯನ್ನು ಬೇರೆಯಾಗಿ ಕರಗಿಸಿ, ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ ಸೇರಿಸಬೇಕು, ಆಟೊಕ್ಲೇವಿನ, ಅಂದರೆ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆಯ, ಬಿಸಿಗೆ ಕೊಟ್ಟರೆ ಅಲ್ಲೇ ಕೆಡುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಅದನ್ನು 2ಕ್ಕೆ ತನ್ನಿ, ಬ್ಯಾಕ್ಟೀರಿಯಾ ಸೇರಿಸಿ, 30 ಡಿಗ್ರಿಯಲ್ಲಿ ಅಲುಗಾಡಿಸುವ ಶೇಕರ್ ಮೇಲಿಡಿ. ತಿಳಿಹಸಿರು ನೀರು ಚಹಾದ ಬಣ್ಣಕ್ಕೆ ಬಂದು, ಕೆಲವೇ ದಿನಗಳಲ್ಲಿ ಗಾಢ ಕೆಂಪಾಗುತ್ತದೆ. ತಳದಲ್ಲಿ ಹಳದಿ ಗಸಿ ಕೂತರೆ ಅದು ಜಾರೊಸೈಟ್ ಎಂಬ ಕಬ್ಬಿಣದ ಲವಣ. ಪಿಎಚ್ ಏರಿದೆ ಎಂದರ್ಥ. ಆ ಗಸಿ ಫಾಸ್ಫೇಟನ್ನೂ ಎಳೆದುಕೊಂಡು ಕೂರುತ್ತದೆ, ಬೆಳವಣಿಗೆ ಕುಂಟುತ್ತದೆ.

ಪಿಎಚ್ ಇಳಿಸಲು ಯಾವ ಆಮ್ಲ? ಗಂಧಕಾಮ್ಲ ಮಾತ್ರ. ಹೊಸ ವಿದ್ಯಾರ್ಥಿಗಳು ಕೈಗೆ ಸಿಕ್ಕ ಹೈಡ್ರೊಕ್ಲೋರಿಕ್ ಆಮ್ಲ ಸುರಿಯುತ್ತಾರೆ, ನೀರು ಹಸಿರಾಗಿಯೇ ಉಳಿಯುತ್ತದೆ, "ಸರ್, ಕಲ್ಚರ್ ಸತ್ತಿದೆ" ಎನ್ನುತ್ತಾರೆ. ಸಾಯದೆ ಇನ್ನೇನು? ಇಲ್ಲೇ ಇಡೀ ಗುಟ್ಟಿದೆ. ಹೊರಗೆ ಪಿಎಚ್ 2, ಜೀವಕೋಶದ ಒಳಗೆ ಸುಮಾರು ಆರೂವರೆ. ಹುಳಿಯ ವ್ಯತ್ಯಾಸ 30 ಸಾವಿರ ಪಟ್ಟು. ಆ ಹುಳಿ ಒಳನುಗ್ಗದಂತೆ ಬ್ಯಾಕ್ಟೀರಿಯಾ ತನ್ನ ಪೊರೆಯ ಒಳಮೈಯನ್ನು ಧನ ವಿದ್ಯುದಂಶದಲ್ಲಿ ಇಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಒಳಗೆ ಎಳೆದುಕೊಂಡು. ತಾಮ್ರ, ಸತು, ನಿಕ್ಕಲ್, ಕ್ಯಾಡ್ಮಿಯಂ ಅಯಾನುಗಳೂ, ಅಂದರೆ ವಿದ್ಯುದಂಶ ಹೊತ್ತ ಕಣಗಳೂ, ಧನವೇ. ಧನ ಧನವನ್ನು ದೂಡುತ್ತದೆ. ಹುಳಿಗೆಂದು ಕಟ್ಟಿದ ಕಾವಲು ಲೋಹಕ್ಕೂ ಕಾವಲಾಯಿತು. ಆದರೆ ಹೈಡ್ರೊಕ್ಲೋರಿಕ್ ಆಮ್ಲದಲ್ಲಿರುವ ಕ್ಲೋರೈಡ್ ಋಣ. ಅದನ್ನು ಇದೇ ಪೊರೆ ಕರೆದು ಒಳಗೆ ಕೂರಿಸುತ್ತದೆ, ಅದರ ಹಿಂದೆಯೇ ಹುಳಿಯೂ ನುಗ್ಗುತ್ತದೆ. ಲೀಟರಿಗೆ 50 ಗ್ರಾಂ ತಾಮ್ರ ತಡೆಯುವ ಜೀವಿ ಉಪ್ಪಿನಂಶಕ್ಕೆ ಸೋಲುವುದು ಹೀಗೆ.

ಆದರೂ ನುಸುಳಿದ ತಾಮ್ರವನ್ನು ಪೊರೆಯಲ್ಲಿರುವ ಪಂಪುಗಳು ಹೊರಗೆ ಎತ್ತಿಹಾಕುತ್ತವೆ. ಜೊತೆಗೆ ಜೀವಕೋಶದಲ್ಲಿ ಪಾಲಿಫಾಸ್ಫೇಟ್ ಎಂಬ ಫಾಸ್ಫೇಟ್ ಸರಪಳಿಯ ದಾಸ್ತಾನಿರುತ್ತದೆ. ತಾಮ್ರ ಬಂದಾಗ ಸರಪಳಿ ಕತ್ತರಿಸಿ ಫಾಸ್ಫೇಟ್ ಬಿಡುತ್ತದೆ, ತಾಮ್ರ ಅದಕ್ಕೆ ಅಂಟಿಕೊಂಡು ಆಚೆ ಹೋಗುತ್ತದೆ. ಮತ್ತೆ ಹೇಳುತ್ತೇನೆ: ತಿನ್ನುವುದಲ್ಲ, ದಬ್ಬುವುದು.

ಪಳಗಿಸುವುದಕ್ಕೆ ತಾಳ್ಮೆ ಬೇಕು. ಲೀಟರಿಗೆ 1 ಗ್ರಾಂ ತಾಮ್ರದಲ್ಲಿ ಬೆಳೆಸಿ, ಕೆಂಪಾಗುವ ವೇಗ ಮೊದಲಿನಂತಾದ ಮೇಲೆ ಅದರ ಹತ್ತನೇ ಒಂದು ಭಾಗವನ್ನು 2 ಗ್ರಾಮಿಗೆ, ಆಮೇಲೆ 5ಕ್ಕೆ, 10ಕ್ಕೆ. ಒಂದೇ ಸಲ 20ಕ್ಕೆ ಹಾರಿಸಿ, ನಾಲ್ಕು ದಿನ ಕಾದು, ಚರಂಡಿಗೆ ಚೆಲ್ಲುವವರೇ ಹೆಚ್ಚು.

ಈಗ ಆರ್ಸೆನಿಕ್. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಅದಿರಿನಲ್ಲಿ ಪೈರೈಟ್ ಜೊತೆ ಆರ್ಸೆನಿಕ್ ಇರುವ ಆರ್ಸೆನೊಪೈರೈಟ್ ಕೂಡ ಇದೆ. ನೀರಿನಲ್ಲಿ ಆರ್ಸೆನಿಕ್ಕಿನ ಎರಡು ರೂಪ: ಆರ್ಸೆನೈಟ್, ಆರ್ಸೆನೇಟ್. ಹುಳಿ ನೀರಿನಲ್ಲಿ ಆರ್ಸೆನೈಟಿಗೆ ವಿದ್ಯುದಂಶವೇ ಇರುವುದಿಲ್ಲ, ಹಾಗಾಗಿ ಧನದ ಕಾವಲು ಅದನ್ನು ತಡೆಯುವುದಿಲ್ಲ. ಆರ್ಸೆನೇಟ್ ಫಾಸ್ಫೇಟಿನ ವೇಷದಲ್ಲಿ ಫಾಸ್ಫೇಟಿನ ಬಾಗಿಲಿನಿಂದಲೇ ಬರುತ್ತದೆ. ಬ್ಯಾಕ್ಟೀರಿಯಾ ಅದನ್ನು ಮೊದಲು ಇನ್ನೂ ಹೆಚ್ಚು ವಿಷದ ಆರ್ಸೆನೈಟ್ ಆಗಿ ಬದಲಿಸುತ್ತದೆ. ವಿಚಿತ್ರವೆನಿಸಬಹುದು, ಆದರೆ ಅದರ ಪಂಪು ಗುರುತಿಸುವುದು ಆರ್ಸೆನೈಟನ್ನೇ.

ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ಇಂಥ ಅದಿರನ್ನು, ಒಳಗಿನ ಚಿನ್ನ ಸಿಗಲೆಂದು, ಬ್ಯಾಕ್ಟೀರಿಯಾದಿಂದಲೇ ಒಡೆಯುತ್ತಾರೆ. ತೊಟ್ಟಿಯಲ್ಲಿ 40 ಡಿಗ್ರಿ, ಪಿಎಚ್ ಒಂದೂವರೆ ಆಸುಪಾಸು, ನಾಲ್ಕಾರು ದಿನ. ಆ ಬಿಸಿಗೆ ಇದೇ ಬಳಗದ ಬೇರೆ ಜೀವಿಗಳು ಬೇಕು. ಆಮೇಲೆ ತೊಳೆದು, ಸುಣ್ಣ ಹಾಕಿ ಪಿಎಚ್ 10 ದಾಟಿಸಿ, ಚಿನ್ನ ಕರಗಿಸಲು ಸಯನೈಡ್. ಸಯನೈಡ್ ಬಳಸಿದ ನೀರು ಮರಳಿ ಬ್ಯಾಕ್ಟೀರಿಯಾ ತೊಟ್ಟಿಗೆ ಹೋಗಕೂಡದು. ಅದರಲ್ಲಿ ಥಯೊಸಯನೇಟ್ ಇರುತ್ತದೆ. ಋಣ ಅಯಾನು, ಕ್ಲೋರೈಡಿನದೇ ಕಥೆ, ಇನ್ನೂ ಕೆಟ್ಟದ್ದು.

ಪಾದರಸದ ಬಗ್ಗೆ ಒಂದೇ ಮಾತು, ಸಮಯ ಆಗುತ್ತಾ ಬಂತು. ಅದನ್ನು ಆವಿಯಾಗುವ ಲೋಹರೂಪಕ್ಕೆ ತಂದು ಹಾರಿಬಿಡುತ್ತದೆ.

ಕೊನೆಗೆ, ಸಂಡೂರು ಕಡೆಯವರಿಗೆ. ಮಳೆಗಾಲದಲ್ಲಿ ನಿಮ್ಮ ಹಳ್ಳ ಕೆಂಪಾಗುವುದು ಈ ಬ್ಯಾಕ್ಟೀರಿಯಾದಿಂದಲ್ಲ. ಅಲ್ಲಿನ ಕಬ್ಬಿಣದ ಅದಿರು ಹೆಮಟೈಟ್, ಆಮ್ಲವಾಗಲು ಬೇಕಾದ ಗಂಧಕ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಅದಿರಿನ ಧೂಳು. ಲೋಟದಲ್ಲಿ ಒಂದು ರಾತ್ರಿ ಇಟ್ಟರೆ ಧೂಳು ಬಹುಪಾಲು ತಳಕ್ಕಿಳಿಯುತ್ತದೆ, ಪಿಎಚ್ ಕಾಗದ ಅದ್ದಿದರೆ ಹುಳಿ ತೋರಿಸುವುದಿಲ್ಲ. ಇನ್ನು ಕೊಳವೆಬಾವಿಯಲ್ಲಿ ಆರ್ಸೆನಿಕ್ ಇದೆಯೆಂಬ ಅನುಮಾನ ಯಾರಿಗಾದರೂ ಇದ್ದರೆ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ನಮಸ್ಕಾರ.